ಪೋರ್ಟ್ ತೆರೆದಿದ್ದರಷ್ಟೇ ಸಾಲದು

ಮಾನ್ಯರೇ,

ಮಳೆಗಾಲದಲ್ಲಿ ಕೊಡಗಿನ ಹೋಂಸ್ಟೇ, ಕಾಫಿಪುಡಿ ಮಾರಾಟದ ವೆಬ್‌ಸೈಟ್ ತೆರೆಯದಿದ್ದರೆ ಎಲ್ಲರೂ ದೂರುವುದು ಸರ್ವರನ್ನು. ಮೊದಲು ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಅಲ್ಲಿ ಬಂದು ಕಚೇರಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಮಾತ್ರ ಬಾರದಿದ್ದರೆ, ಅದೇ ಸರ್ವರಿಗೆ ಹಳೆಯ ಮೇಲ್ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕಳಿಸುತ್ತಿರುವ ಕಚೇರಿಯ ಯಾವುದೋ ಫೋನಿನಿಂದಾಗಿ ಫೈರ್‌ವಾಲ್ (ಬೇಡದ ಸಂಪರ್ಕಗಳನ್ನು ತಡೆಯುವ ಕಾವಲು ವ್ಯವಸ್ಥೆ) ನಿಮ್ಮ ಐಪಿ ವಿಳಾಸವನ್ನೇ (ಅಂತರ್ಜಾಲದಲ್ಲಿ ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ) ತಡೆದಿರಬಹುದು.

ನಿರ್ವಹಣೆಯನ್ನೂ ವಹಿಸಿಕೊಂಡ ಹೋಸ್ಟಿಂಗ್‌ನಲ್ಲಿ ಪೋರ್ಟ್‌ಗಳ (ಸರ್ವರಿನ ಒಂದೊಂದು ಸೇವೆಗೆ ಇರುವ, ಸಂಖ್ಯೆ ಹಾಕಿದ ಬಾಗಿಲುಗಳು) ಮೇಲೆ ನಿಗಾ ಇರುತ್ತದೆ, ಸರಿ. ಆದರೆ ಸುರಕ್ಷಿತ ವೆಬ್‌ಸೈಟಿನ ಪೋರ್ಟ್ 443ಕ್ಕೆ ಸಂಪರ್ಕ ಸಿಕ್ಕಿತೇ ಎಂದಷ್ಟೇ ನೋಡುವ ನಿಗಾ ಅರೆಬರೆ. ಡೇಟಾಬೇಸ್ ನಿಂತು ಪುಟದಲ್ಲಿ 500 ದೋಷ (ಸರ್ವರಿನೊಳಗಿನ ತೊಂದರೆ) ಬರುತ್ತಿದ್ದರೂ, ಸೈಟಿನ ಗುರುತನ್ನು ದೃಢಪಡಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರದ ಅವಧಿ ಮುಗಿದಿದ್ದರೂ ಆ ಪೋರ್ಟ್ ತೆರೆದೇ ಇರುತ್ತದೆ. ಬುಕಿಂಗ್ ಪುಟದಲ್ಲಿರುವ ಒಂದು ಪದ ಕಾಣುತ್ತಿದೆಯೇ ಎಂದು 5 ನಿಮಿಷಕ್ಕೊಮ್ಮೆ ಹೊರಗಿನಿಂದ ಪರೀಕ್ಷಿಸುವ ವ್ಯವಸ್ಥೆಯನ್ನು ಕೇಳಿ ಹಾಕಿಸಿಕೊಳ್ಳಿ. ಸತತ ಎರಡು ಸಲ ವಿಫಲವಾದ ಮೇಲೆ ಎಚ್ಚರಿಕೆ ಬರಲಿ. ಒಂದೇ ಸಲಕ್ಕೆ ಬಂದರೆ ಸುಳ್ಳು ಎಚ್ಚರಿಕೆಗಳು ಹೆಚ್ಚಿ, ನಿಜವಾದದ್ದನ್ನೂ ಯಾರೂ ನೋಡುವುದಿಲ್ಲ.

ಸೈಟ್ ತೆರೆಯುವಾಗ 'ಕನೆಕ್ಷನ್ ರೆಫ್ಯೂಸ್ಡ್' (ಸಂಪರ್ಕ ನಿರಾಕರಣೆ) ಎಂದು ಬಂದರೆ ಸಾಮಾನ್ಯವಾಗಿ ಯಂತ್ರ ನಡೆಯುತ್ತಿದೆ, ಸೇವೆ ನಿಂತಿದೆ. 'ಟೈಮ್‌ಔಟ್' (ಉತ್ತರವೇ ಬಾರದೆ ಸಮಯ ಮೀರುವುದು) ಆದರೆ ಫೈರ್‌ವಾಲ್, ನಡುವಿನ ಜಾಲದ ದಾರಿ ಅಥವಾ ಯಂತ್ರವನ್ನೇ ಶಂಕಿಸಬೇಕು.

ನಮಗೆ ಹೆಚ್ಚು ಆತಂಕ ತರುವುದು ತೆರೆದಿರಬಾರದ ಪೋರ್ಟ್‌ಗಳು. ಸರ್ವರಿನಲ್ಲಿ ತೆರೆದಿರುವ ಪೋರ್ಟ್‌ಗಳ ಪಟ್ಟಿಯಲ್ಲಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ್ದು 127.0.0.1:3306 ಎಂದಿದ್ದರೆ ಅದು ಸರ್ವರಿನೊಳಗೇ ಉಳಿದಿದೆ. 0.0.0.0:3306 (ಸರ್ವರಿನ ಎಲ್ಲ ವಿಳಾಸಗಳಲ್ಲೂ ತೆರೆದಿದೆ) ಎಂದಿದ್ದು ಫೈರ್‌ವಾಲೂ ತಡೆಯದಿದ್ದರೆ, ಅತಿಥಿಗಳ ಹೆಸರು, ಫೋನ್ ನಂಬರಿರುವ ಡೇಟಾಬೇಸ್‌ಗೂ ಹೊರಜಗತ್ತಿಗೂ ನಡುವೆ ಉಳಿಯುವುದು ಬಹುತೇಕ ಒಂದು ಪಾಸ್‌ವರ್ಡ್ ಮಾತ್ರ. ಈ ಪಟ್ಟಿಯನ್ನು ಪ್ರತಿ ತಿಂಗಳೂ ಲಿಖಿತವಾಗಿ ಕೇಳಿ ಪಡೆಯಿರಿ.

– ಸರ್ವರ್ ನಿರ್ವಾಹಕರು, ಮಡಿಕೇರಿ