ಮರ ಉರುಳಿಸುವುದು ಬೇರೆ, ಸವರುವುದು ಬೇರೆ

ಮಾನ್ಯ ಸಂಪಾದಕರೇ,

ಮುಂಗಾರಿಗೆ ಮುಂಚಿನ ವಾರಗಳಲ್ಲಿ ರಸ್ತೆಬದಿಯ ಮರಗಳ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಹೆಚ್ಚುತ್ತದೆ. ಅರಣ್ಯ ಅಧಿಕಾರಿಗಳ ಟಿಪ್ಪಣಿ, ವಿದ್ಯುತ್ ಪೂರೈಕೆ ಕಂಪನಿಗಳ ಪ್ರಕಟಣೆ, ನ್ಯಾಯಾಲಯದ ಆದೇಶ ಮುಂತಾದ ಮೂಲಗಳು ಅನೇಕ ವೇಳೆ ಇಂಗ್ಲಿಷಿನಲ್ಲಿರುತ್ತವೆ. ಅವುಗಳಲ್ಲಿ ‘ಫೆಲಿಂಗ್’ (ಮರ ಉರುಳಿಸುವುದು) ಮತ್ತು ‘ಲಾಪಿಂಗ್’ (ಕೊಂಬೆ ಕತ್ತರಿಸುವುದು, ಅಂದರೆ ಸವರುವುದು) ಎಂಬ ಎರಡು ಮಾತುಗಳು ಅಕ್ಕಪಕ್ಕದಲ್ಲೇ ಕಾಣಿಸಿಕೊಳ್ಳುತ್ತವೆ. ಕನ್ನಡದ ವರದಿಗೆ ಬರುವಷ್ಟರಲ್ಲಿ ಎರಡೂ ‘ಮರ ಕಡಿದರು’ ಎಂದಾಗಿರುತ್ತವೆ, ಇಲ್ಲವೇ ‘ಮರ ತೆರವು’ ಎಂಬ ಕಚೇರಿಯ ಮಾತಿನೊಳಗೆ ಸೇರಿಹೋಗಿರುತ್ತವೆ. ಇವೆರಡರ ನಡುವಿನ ಅಂತರವನ್ನು ಪತ್ರಿಕೆಗಳು ಉಳಿಸಿಕೊಳ್ಳಬೇಕು ಎಂಬುದು ನನ್ನ ವಿನಂತಿ. ಆ ಅಂತರವನ್ನು ನಮ್ಮ ಕಾನೂನು ಎಲ್ಲಿ ಬೇಕೆಂದೇ ಅಳಿಸಿದೆ ಎಂಬುದನ್ನೂ ವರದಿಗಾರರು ತಿಳಿದಿರಬೇಕು ಎನ್ನುವುದು ಅದರ ಜೊತೆಗಿನ ಇನ್ನೊಂದು ಮಾತು.

‘ಫೆಲ್’ ಎಂಬ ಕ್ರಿಯಾಪದ ಬೀಳು ಎಂಬರ್ಥದ ‘ಫಾಲ್’ ಎಂಬುದರ ಪ್ರೇರಣಾರ್ಥಕ ರೂಪ, ಅಂದರೆ ಬೀಳಿಸು ಎಂಬರ್ಥದ್ದು. ಹಳೆಯ ಇಂಗ್ಲಿಷಿನಲ್ಲಿ ಸ್ವರ ಬದಲಾಯಿಸಿ ಪ್ರೇರಣಾರ್ಥಕವನ್ನು ಕಟ್ಟುವ ಪದ್ಧತಿಯಿತ್ತು. ಕುಳಿತುಕೊಳ್ಳುವ ‘ಸಿಟ್’ ಮತ್ತು ಕೂರಿಸುವ ‘ಸೆಟ್’, ಮಲಗುವ ‘ಲೈ’ ಮತ್ತು ಮಲಗಿಸುವ ‘ಲೇ’ ಅದೇ ಪದ್ಧತಿಯ ಉಳಿಕೆಗಳು. ನಾವು ಉರುಳು ಎಂಬುದರಿಂದ ಉರುಳಿಸು, ಕೆಡೆ ಎಂಬುದರಿಂದ ಕೆಡಹು ಎಂದು ಮಾಡಿಕೊಂಡಂತೆಯೇ ಇದೂ. ಹಾಗಾಗಿ ‘ಫೆಲ್’ ಎಂದಾಗ ಆ ಪದ ಹೇಳುವುದು ಫಲಿತಾಂಶವನ್ನು: ನಿಂತಿದ್ದ ಮರ ಈಗ ನೆಲದ ಮೇಲಿದೆ, ಅದನ್ನು ಯಾರೋ ಬೀಳಿಸಿದ್ದಾರೆ. ಕೊಡಲಿ ಬಳಸಿದರೋ ಗರಗಸ ಬಳಸಿದರೋ ಯಂತ್ರ ತಂದರೋ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಏಟಿನ ಮೇಲೆ ಏಟು ಹಾಕಿ ಕಡಿಯುವ ಚಿತ್ರ ಬೇಕಾದಾಗ ಇಂಗ್ಲಿಷಿನವರು ‘ಚಾಪ್’ ಎಂಬ ಇನ್ನೊಂದು ಪದಕ್ಕೆ ಹೋಗುತ್ತಾರೆ. ಬಿದ್ದ ದಿಮ್ಮಿಯನ್ನು ಕೊಡಲಿಯಿಂದ ಕೆತ್ತಿ ತೊಲೆ ಮಾಡುವುದಕ್ಕೆ ಅವರಲ್ಲಿ ‘ಹ್ಯೂ’ ಎಂಬ ಮತ್ತೊಂದೇ ಪದವಿದೆ.

‘ಲಾಪ್’ ಎಂಬುದು ಇವೆಲ್ಲಕ್ಕಿಂತ ಬೇರೆ. ಅದು ಕೊಂಬೆಗೆ ಸಂಬಂಧಿಸಿದ ಮಾತು. ಕಾಂಡ ನಿಂತಿರುತ್ತದೆ, ಬೇರು ನೆಲದಲ್ಲಿರುತ್ತದೆ, ಮೇಲಿನ ಟೊಂಗೆಗಳು ಹೋಗಿರುತ್ತವೆ. ತೋಟಗಾರಿಕೆಯವರು ಬಳಸುವ ‘ಪ್ರೂನಿಂಗ್’ ಇದಕ್ಕೆ ಹತ್ತಿರದ್ದಾದರೂ ಅದರಲ್ಲಿ ಗಿಡದ ಹಿತವೊಂದು ಉದ್ದೇಶವಾಗಿ ಸೇರಿಕೊಂಡಿರುತ್ತದೆ. ಯಾವ ಕೊಂಬೆ ಉಳಿಯಬೇಕು, ಯಾವುದು ಹೋಗಬೇಕು, ಎಲ್ಲಿಗೆ ಕತ್ತರಿಸಬೇಕು ಎಂದು ನೋಡಿ ಮಾಡುವ ಕೆಲಸ ಅದು. ‘ಲಾಪಿಂಗ್’ ಎಂದಾಗ ಅಂಥ ಎಚ್ಚರ ಇರಲೇಬೇಕೆಂದಿಲ್ಲ. ತಂತಿಗೆ ತಾಗುತ್ತಿದೆ, ಅಂಗಡಿಯ ಫಲಕಕ್ಕೆ ಅಡ್ಡವಾಗಿದೆ, ದನಕ್ಕೆ ಸೊಪ್ಪು ಬೇಕು ಎಂಬ ಯಾವ ಕಾರಣಕ್ಕೆ ಕೈಗೆ ಸಿಕ್ಕ ಕೊಂಬೆ ಇಳಿಸಿದರೂ ಆ ಪದ ಸಲ್ಲುತ್ತದೆ.

ಕನ್ನಡದಲ್ಲಿ ಈ ಅಂತರವನ್ನು ಹೇಳಲು ಮಾತುಗಳಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮಲೆನಾಡಿನಲ್ಲಿ ‘ಮರ ಕಡಿದರು’ ಎಂದರೆ ಮರ ಬಿತ್ತು ಎಂದೇ ಅರ್ಥ, ‘ಮರ ಸವರಿದರು’ ಎಂದರೆ ಮರ ನಿಂತಿದೆ ಎಂದು ಅರ್ಥ. ಕಾಫಿ ಬೆಳೆಯುವ ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆ ನೆರಳಿನ ಮರಗಳ ಕೊಂಬೆ ಇಳಿಸಿ ತೋಟಕ್ಕೆ ಬೆಳಕು ಬಿಡುವ ಕೆಲಸಕ್ಕೆ ‘ಮರಗಸಿ’ ಎಂಬ ಹೆಸರೇ ಇದೆ. ಅದನ್ನು ಮಾಡಬಲ್ಲ ಆಳುಗಳು ಬೇರೆಯೇ ಇರುತ್ತಾರೆ, ಅವರ ಕೂಲಿಯೂ ಬೇರೆಯೇ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಮರಾಠಿಯಿಂದ ಬಂದ ‘ಚಾಟ್ನಿ’ (ಸವರುವಿಕೆ) ಎಂಬ ಮಾತನ್ನು ತಮ್ಮದಾಗಿಸಿಕೊಂಡು, ಬಳ್ಳಿಯ ಕಡ್ಡಿ ಬಲಿಯಲೆಂದು ಏಪ್ರಿಲ್‌ನಲ್ಲಿ ಒಂದು ಚಾಟ್ನಿ, ಹಣ್ಣಿಗಾಗಿ ಅಕ್ಟೋಬರ್‌ನಲ್ಲಿ ಇನ್ನೊಂದು ಚಾಟ್ನಿ ಎಂದು ಲೆಕ್ಕ ಇಟ್ಟುಕೊಂಡಿದ್ದಾರೆ. ಇಂಥ ಮಾತುಗಳು ಕೃಷಿ ಪುರವಣಿಯಲ್ಲಿ ಧಾರಾಳವಾಗಿ ಅಚ್ಚಾಗುತ್ತವೆ. ಮೊದಲ ಪುಟಕ್ಕೆ ಬರುವ ದಾರಿಯಲ್ಲಿ ಅವು ಎಲ್ಲಿ ಕಳೆದುಹೋಗುತ್ತವೆಯೋ ತಿಳಿಯದು.

ಅಂತರ ಎಷ್ಟು ಮುಖ್ಯ ಎಂಬುದಕ್ಕೆ ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯವನ್ನು ಬ್ರಿಟಿಷರ ಕಾಲದಲ್ಲೇ ಕೊಡಲಾಗಿತ್ತು. ಆ ಬೆಟ್ಟದ ಮರಗಳಿಂದ ಸೊಪ್ಪು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ತೋಟಕ್ಕೆ ಕೊಡುವುದು ಅಲ್ಲಿನ ಬೇಸಾಯದ ಕ್ರಮ. ಸೊಪ್ಪು ಸವರುವ ಹಕ್ಕು ರೈತನದು. ಮರ ಉರುಳಿಸಿ ನಾಟಾ ಮಾಡುವ ಹಕ್ಕು ಅವನಿಗಿಲ್ಲ. ಇಡೀ ವ್ಯವಸ್ಥೆ ನಿಂತಿರುವುದೇ ಈ ಎರಡು ಕ್ರಿಯೆಗಳ ನಡುವಿನ ಗೆರೆಯ ಮೇಲೆ. ಎಲ್ಲಾದರೂ ಕೆಲವರು ಬೆಟ್ಟವನ್ನು ಅತಿಯಾಗಿ ಸವರಿ ಬೋಳುಗುಡ್ಡ ಮಾಡಿಕೊಂಡಿದ್ದರೆ ಅದು ಖಂಡಿತ ಟೀಕೆಗೆ ಅರ್ಹ. ಆದರೆ ‘ಬೆಟ್ಟದಲ್ಲಿ ಮರ ಕಡಿದ ರೈತರು’ ಎಂದು ವರದಿ ಬಂದಾಗ ಓದುಗನಿಗೆ ಕಾಣುವುದು ಮರಗಳ್ಳತನ. ನಡೆದಿರುವುದು ಹಕ್ಕಿನ ಬಳಕೆಯೋ ಹಕ್ಕಿನ ದುರ್ಬಳಕೆಯೋ ಅಪರಾಧವೋ ಎಂದು ತಿಳಿಯುವ ದಾರಿ ಆ ಒಂದು ಕ್ರಿಯಾಪದದಿಂದಲೇ ಮುಚ್ಚಿಹೋಗುತ್ತದೆ.

ಇನ್ನು ಕಾನೂನಿನ ವಿಷಯ. 1927ರ ಭಾರತೀಯ ಅರಣ್ಯ ಕಾಯ್ದೆ ಮೀಸಲು ಅರಣ್ಯದಲ್ಲಿ ನಿಷೇಧಿಸಿದ ಕೃತ್ಯಗಳನ್ನು ಹೇಳುವಾಗ ಮರವನ್ನು ಉರುಳಿಸುವುದು, ಸುತ್ತ ತೊಗಟೆ ಸುಲಿಯುವುದು, ಕೊಂಬೆ ಸವರುವುದು, ಸುಡುವುದು ಎಂದು ಒಂದೊಂದನ್ನೂ ಬಿಡಿಬಿಡಿಯಾಗಿ ಹೆಸರಿಸುತ್ತದೆ. ಅಲ್ಲಿ ಪದಗಳಿಗೆ ನಿಘಂಟಿನ ಅರ್ಥವೇ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯದು ಬೇರೆ ದಾರಿ. ಅದು ‘ಮರವನ್ನು ಫೆಲ್ ಮಾಡುವುದು’ ಎಂಬುದಕ್ಕೆ ತನ್ನದೇ ವ್ಯಾಖ್ಯೆ ಬರೆದುಕೊಂಡಿದೆ: ಬೇರಿನಿಂದ ಕಾಂಡವನ್ನು ಬೇರ್ಪಡಿಸುವುದು ಹಾಗೂ ಮರವನ್ನು ಬುಡಸಮೇತ ಕೀಳುವುದು ಮೊದಲು ಬಂದು, ಅದರ ಬೆನ್ನಿಗೆ ಬುಲ್‌ಡೋಜರ್ ಹರಿಸುವುದು, ಕತ್ತರಿಸುವುದು, ತೊಗಟೆಯನ್ನು ಉಂಗುರದಂತೆ ಸುಲಿಯುವುದು, ಕೊಂಬೆ ಸವರುವುದು, ತಲೆ ಬೋಳಿಸುವುದು, ಮರ ಸಾಯಿಸುವ ರಾಸಾಯನಿಕ ಹಾಕುವುದು, ಸುಡುವುದು, ಬೇರಾವುದೇ ರೀತಿಯಲ್ಲಿ ಹಾನಿ ಮಾಡುವುದು ಎಲ್ಲವೂ ಆ ಒಂದೇ ಪದದೊಳಗೆ ಸೇರುತ್ತವೆ. ನಿಘಂಟು ಎರಡಾಗಿ ಇಟ್ಟದ್ದನ್ನು ಶಾಸನ ಒಂದಾಗಿ ಕಟ್ಟಿತು.

ಹೀಗೆ ಮಾಡಲು ಕಾರಣವಿದೆ. ತೊಗಟೆಯನ್ನು ಸುತ್ತಲೂ ಒಂದು ಪಟ್ಟಿಯಷ್ಟು ತೆಗೆದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದಿಲ್ಲ. ಮರ ನಿಂತಲ್ಲೇ ಒಣಗುತ್ತದೆ, ಯಾರೂ ಅದನ್ನು ಬೀಳಿಸಿರುವುದಿಲ್ಲ. ಜಾಹೀರಾತು ಫಲಕ ಚೆನ್ನಾಗಿ ಕಾಣಲೆಂದು ಬುಡಕ್ಕೆ ಆಸಿಡ್ ಸುರಿದ ಪ್ರಕರಣಗಳು ಬೆಂಗಳೂರಿನಿಂದ ವರದಿಯಾಗಿವೆ. ನಿಘಂಟಿನ ಅರ್ಥಕ್ಕೆ ಕಟ್ಟುಬಿದ್ದರೆ ಇಂಥವರೆಲ್ಲ ‘ನಾವು ಮರ ಉರುಳಿಸಿಲ್ಲ’ ಎಂದು ಹೇಳಿ ಹೊರಗೆ ನಡೆಯಬಹುದಿತ್ತು. ಆ ಬಾಗಿಲನ್ನು ಮುಚ್ಚಲು ಶಾಸನಕಾರರು ಪದವನ್ನು ಹಿಗ್ಗಿಸಿದರು. ಅದು ಜಾಣತನದ ಕೆಲಸ ಎಂಬುದೇ ನನ್ನ ಅಭಿಪ್ರಾಯ.

ದೆಹಲಿಯ 1994ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲೂ ಇಂಥದೇ ವ್ಯಾಖ್ಯೆ ಇದೆ, ಮತ್ತು ಅದರ ಪರಿಣಾಮ ಏನಾಗಬಹುದು ಎಂಬುದನ್ನು ಅಲ್ಲಿನ ಪ್ರಕರಣವೊಂದು ತೋರಿಸಿತು. 15.7 ಸೆಂಟಿಮೀಟರ್‌ವರೆಗಿನ ಸುತ್ತಳತೆಯ ಕೊಂಬೆಗಳನ್ನು ಪ್ರತ್ಯೇಕ ಅನುಮತಿಯಿಲ್ಲದೆ ಕತ್ತರಿಸಬಹುದು ಎಂದು ಅಲ್ಲಿನ ಆಡಳಿತ ಮಾರ್ಗಸೂಚಿ ಹೊರಡಿಸಿತ್ತು. ಕಾಯ್ದೆ ಕೊಡದ ಸಡಿಲಿಕೆಯನ್ನು ಮಾರ್ಗಸೂಚಿ ಕೊಡಲಾಗದೆಂದು ದೆಹಲಿ ಹೈಕೋರ್ಟ್ 2023ರಲ್ಲಿ ಅದನ್ನು ರದ್ದುಪಡಿಸಿತು. ‘ಇದು ಬರೀ ಟ್ರಿಮ್ಮಿಂಗ್, ಇದಕ್ಕೆಲ್ಲ ಅನುಮತಿ ಯಾಕೆ’ ಎಂದು ನಮ್ಮ ಬಡಾವಣೆಗಳಲ್ಲಿ ಗುತ್ತಿಗೆದಾರರು ಹೇಳುವ ಮಾತನ್ನು ವರದಿಗಾರರು ಹಾಗೆಯೇ ಬರೆದುಕೊಳ್ಳುವ ಮುನ್ನ ಈ ತೀರ್ಪನ್ನೂ ನಮ್ಮ ಕಾಯ್ದೆಯ ವ್ಯಾಖ್ಯೆಯನ್ನೂ ನೆನೆದರೆ ಒಳಿತು.

ಹಾಗೆಂದು ಕರ್ನಾಟಕದ ಕಾಯ್ದೆ ಕತ್ತಿ ಹಿಡಿದ ರೈತರನ್ನೆಲ್ಲ ಅಪರಾಧಿ ಮಾಡುವುದಿಲ್ಲ. ಮರ ಕಡಿಯಲು ಅನುಮತಿ ಕೊಡುವ ವೃಕ್ಷಾಧಿಕಾರಿ ಯಾವ ಸಂದರ್ಭಗಳಲ್ಲಿ ಅದನ್ನು ನಿರಾಕರಿಸುವಂತಿಲ್ಲ ಎಂಬುದನ್ನು ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ. ಸತ್ತ, ರೋಗ ತಗುಲಿದ ಅಥವಾ ಗಾಳಿಗೆ ಬಿದ್ದ ಮರ ಆ ಪಟ್ಟಿಯಲ್ಲಿದೆ; ಪ್ರಾಣಕ್ಕೋ ಆಸ್ತಿಗೋ ಅಪಾಯ ತರುವ ಮರ, ಸಂಚಾರಕ್ಕೆ ಅಡ್ಡಿಯಾದ ಮರವೂ ಇದೆ. ಹಳ್ಳಿಗಳಲ್ಲಿ ಉರುವಲು, ಮೇವು, ಬೇಸಾಯದ ಸಲಕರಣೆಗಳಿಗಾಗಿ ಕಟ್ಟಿಗೆಯನ್ನೋ ಸೊಪ್ಪನ್ನೋ ತೆಗೆಯುವುದು ಸಹ ಅಲ್ಲಿ ಸೇರಿದೆ. ಕೆಲವು ಜಾತಿಯ ಮರಗಳಿಗೆ, ಉದಾಹರಣೆಗೆ ಸಿಲ್ವರ್ ಓಕ್ ಮತ್ತು ನೀಲಗಿರಿಗೆ, ವಿನಾಯಿತಿ ಬೇರೆ ಇದೆ.

ಗಾಳಿಗೆ ಬಿದ್ದ ಮರದ ಮಾತು ಬಂದದ್ದರಿಂದ ಇನ್ನೊಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ‘ಫಾಲ್’ ಎಂಬುದರ ಭೂತಕಾಲದ ರೂಪವೂ ‘ಫೆಲ್’, ಉರುಳಿಸು ಎಂಬರ್ಥದ ವರ್ತಮಾನ ರೂಪವೂ ‘ಫೆಲ್’. ಉರುಳಿಸಿದರು ಎನ್ನಲು ಇಂಗ್ಲಿಷಿನಲ್ಲಿ ‘ಫೆಲ್ಡ್’ ಎನ್ನಬೇಕು. ಸುದ್ದಿಸಂಸ್ಥೆಯ ಪ್ರತಿಯನ್ನು ಅವಸರದಲ್ಲಿ ಕನ್ನಡಿಸುವಾಗ ಈ ಒಂದು ವ್ಯಂಜನ ಕಣ್ಣಿಗೆ ಬೀಳದಿದ್ದರೆ, ರಸ್ತೆ ವಿಸ್ತರಣೆಗಾಗಿ ಉರುಳಿಸಿದ ಮರಗಳು ತಾವಾಗಿಯೇ ಧರೆಗುರುಳುತ್ತವೆ. ಕೆಲಸ ಮಾಡಿದವರು, ಅನುಮತಿ ಕೊಟ್ಟವರು ಇಬ್ಬರೂ ವಾಕ್ಯದಿಂದ ಮಾಯವಾಗುತ್ತಾರೆ. ‘ತೆರವು’ ಎಂಬ ಪದದಿಂದಲೂ ಇದೇ ಉಪಕಾರವಾಗುತ್ತದೆ. ಒತ್ತುವರಿಗೆ ಬಳಸುವ ಮಾತನ್ನೇ ಮರಕ್ಕೂ ಬಳಸಿದಾಗ, ಅದೇ ಅಲ್ಲಿ ಅತಿಕ್ರಮವಾಗಿ ನಿಂತಿತ್ತೇನೋ ಎಂಬ ಭಾವನೆ ಬರುತ್ತದೆ. ಅಧಿಕಾರಿಗಳಿಗೆ ಅದು ಅನುಕೂಲದ ಪದ, ಪತ್ರಿಕೆಗೆ ಅದರ ಅಗತ್ಯ ನನಗಂತೂ ಕಾಣುವುದಿಲ್ಲ.

ತಪ್ಪು ಎದುರು ದಿಕ್ಕಿನಲ್ಲೂ ಆಗುತ್ತದೆ. ತಂತಿಗೆ ತಾಗುವ ನಾಲ್ಕು ಕೊಂಬೆ ಇಳಿಸಿದ್ದಕ್ಕೆ ‘ಮರಗಳ ಮಾರಣಹೋಮ’ ಎಂಬ ತಲೆಬರಹ ಬಂದರೆ, ಮರುದಿನ ಆ ರಸ್ತೆಯಲ್ಲಿ ನಡೆದವರು ಮರಗಳು ನಿಂತಿರುವುದನ್ನು ಕಂಡು ಪತ್ರಿಕೆಯ ಮೇಲೆ ನಂಬಿಕೆ ಕಳೆದುಕೊಳ್ಳುತ್ತಾರೆ. ನಿಜವಾಗಿಯೂ ನೂರಾರು ಮರಗಳಿಗೆ ಸಂಚಕಾರ ಬಂದ ದಿನ ಬಳಸಲು ಆ ಪದದಲ್ಲಿ ಏನೂ ಉಳಿದಿರುವುದಿಲ್ಲ. ಕಾಯ್ದೆ ಎರಡನ್ನೂ ಒಂದೇ ಹೆಸರಿನಿಂದ ಕರೆದಿದೆಯಲ್ಲ ಎಂದು ಪತ್ರಿಕೆ ಇಲ್ಲಿ ಸಮರ್ಥಿಸಿಕೊಳ್ಳಲಾಗದು. ಕಾನೂನಿಗೆ ಬೇಕಾದದ್ದು ತಪ್ಪಿಸಿಕೊಳ್ಳಲಾಗದ ವ್ಯಾಖ್ಯೆ, ಓದುಗನಿಗೆ ಬೇಕಾದದ್ದು ಏನು ನಡೆಯಿತು ಎಂಬ ಚಿತ್ರ.

ಸವರಿದ್ದು ಎಂದು ಬರೆದ ಮಾತ್ರಕ್ಕೆ ಅದು ಸಣ್ಣ ವಿಷಯವಾಗುವುದೂ ಇಲ್ಲ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸ್ವಲ್ಪ ಉಬ್ಬಿದ ಪಟ್ಟಿಯೊಂದಿರುತ್ತದೆ. ಅಮೆರಿಕದ ವೃಕ್ಷವಿಜ್ಞಾನಿ ಅಲೆಕ್ಸ್ ಶಿಗೊ ಸಾವಿರಾರು ಮರಗಳನ್ನು ಸೀಳಿ ನೋಡಿ, ಮರ ತನ್ನ ಗಾಯವನ್ನು ನಮ್ಮ ಚರ್ಮದಂತೆ ಹೊಸ ಅಂಗಾಂಶದಿಂದ ಗುಣಪಡಿಸಿಕೊಳ್ಳುವುದಿಲ್ಲ, ಕೊಳೆತ ಭಾಗದ ಸುತ್ತ ತಡೆ ಕಟ್ಟಿ ಅದನ್ನು ಒಳಗೇ ಪ್ರತ್ಯೇಕಿಸಿಡುತ್ತದೆ ಎಂದು ತೋರಿಸಿದರು. ಆ ಉಬ್ಬಿಗೆ ಪೆಟ್ಟಾಗದಂತೆ ಅದರ ಹೊರಗೆ ಕತ್ತರಿಸಿದರೆ ಮರ ಗಾಯದ ಬಾಯನ್ನು ಕ್ರಮೇಣ ಮುಚ್ಚಿಕೊಳ್ಳುತ್ತದೆ. ನಡುಕೊಂಬೆಗೆ ಕಡಿದು ಮೋಟು ಬಿಟ್ಟರೆ ಅಲ್ಲಿಂದ ಕೊಳೆ ಒಳಕ್ಕೆ ಇಳಿಯುತ್ತದೆ. ಮೋಟಿನ ಸುತ್ತ ಹುಟ್ಟುವ ಚಿಗುರುಗಳು ಗಟ್ಟಿ ಹಿಡಿತವಿಲ್ಲದೆ ಬೆಳೆದು, ಕೆಲವು ವರ್ಷಗಳ ನಂತರ ಗಾಳಿಮಳೆಗೆ ಸೀಳಿಕೊಂಡು ಬೀಳುತ್ತವೆ. ಒಂದೇ ಬದಿಯ ಕೊಂಬೆಗಳನ್ನೆಲ್ಲ ತೆಗೆದ ಮರದ ಭಾರ ಇನ್ನೊಂದು ಬದಿಗೆ ವಾಲುತ್ತದೆ. ‘ಗಾಳಿಗೆ ಮರ ಬಿದ್ದು ಕಾರು ಜಖಂ’ ಎಂಬ ಸುದ್ದಿಯ ಹಿಂದೆ ಹಿಂದೊಮ್ಮೆ ಅಡ್ಡಾದಿಡ್ಡಿಯಾಗಿ ಸವರಿದ ಇತಿಹಾಸ ಇರಬಹುದಾದ್ದರಿಂದ, ಬಿದ್ದ ಮರದ ಹಳೆಯ ಗಾಯಗಳ ಬಗ್ಗೆಯೂ ವರದಿಗಾರರು ವಿಚಾರಿಸಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಬುಡಕ್ಕೆ ಕಡಿದು ಬೀಳಿಸಿದ್ದರೆ ಕಡಿದರು ಅಥವಾ ಉರುಳಿಸಿದರು ಎಂದು ಬರೆಯಿಸಿ. ಕೊಂಬೆಗಳನ್ನು ಮಾತ್ರ ತೆಗೆದಿದ್ದರೆ ಸವರಿದರು ಎಂದೋ, ಆ ಮಾತು ಬಳಕೆಯಲ್ಲಿಲ್ಲದ ಜಿಲ್ಲೆಯ ಆವೃತ್ತಿಯಲ್ಲಿ ಕೊಂಬೆ ಕತ್ತರಿಸಿದರು ಎಂದೋ ಬರೆಯಿಸಿ. ತಲೆಯನ್ನೇ ಹಾರಿಸಿ ಕಂಬದಂತೆ ನಿಲ್ಲಿಸಿದ್ದರೆ ಬೋಳಿಸಿದರು ಎನ್ನಲು ಹಿಂಜರಿಯುವುದು ಬೇಡ. ಯಾರು ಮಾಡಿದರು ಎಂಬುದು ಆ ವಾಕ್ಯದಲ್ಲೇ ಇರಲಿ, ಕರ್ತೃವಿಲ್ಲದ ‘ತೆರವು’ ಬೇಡ. ಇವುಗಳಲ್ಲಿ ಯಾವುದೇ ನಡೆದಿದ್ದರೂ ವೃಕ್ಷಾಧಿಕಾರಿಯ ಲಿಖಿತ ಅನುಮತಿ ಇತ್ತೇ, ಆ ಅನುಮತಿಯಲ್ಲಿ ಇಡೀ ಮರದ ಮಾತಿತ್ತೋ ಕೊಂಬೆಗಳದ್ದೋ ಎಂದು ವರದಿಗಾರರು ಕೇಳಿ, ಉತ್ತರವನ್ನು ಸುದ್ದಿಯಲ್ಲೇ ಒಂದು ಸಾಲಿನಲ್ಲಿ ಕೊಡಲಿ. ಕೊಂಬೆಗೆಂದು ಅನುಮತಿ ಪಡೆದು ಮರವನ್ನೇ ಉರುಳಿಸಿದ ಪ್ರಕರಣ ಎದುರಾದರೆ, ಅದನ್ನು ಓದುಗರಿಗೆ ಸ್ಪಷ್ಟವಾಗಿ ಹೇಳಲು ಪತ್ರಿಕೆಯ ಬಳಿ ಎರಡು ಬೇರೆ ಬೇರೆ ಪದಗಳು ಇರಲೇಬೇಕಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಶಿರಸಿ ಸೀಮೆಯ ಓದುಗ