ರೇಡಿಯೇಟರ್ ನೋಡದೆ ಪಂಪ್ ಬದಲಿಸುವುದೇಕೆ?

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ಹಳೆಯ ಕಾರಿನ ಎಂಜಿನ್ ಕಾದರೆ, ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ತೆಗೆಸಿ ವಿದ್ಯುತ್ ಪಂಪ್ ಹಾಕಿಸಿರೆಂಬ ಸಲಹೆ ಈಗ ಕೇಳಿಬರುತ್ತಿದೆ. ಬೆಲ್ಟಿನ ಪಂಪಿನ ವೇಗ ಎಂಜಿನ್ನಿನ ವೇಗವನ್ನೇ ಅವಲಂಬಿಸಿರುವುದರಿಂದ ಜಗತ್ ವೃತ್ತದಲ್ಲಿ ವಾಹನಗಳ ನಡುವೆ ಸಿಲುಕಿ ನಿಂತಾಗ ಎಂಜಿನ್ ತಣಿಸುವ ದ್ರವವಾದ ಕೂಲೆಂಟ್‌ನ ಹರಿವು ತಗ್ಗುತ್ತದೆ. ವಿದ್ಯುತ್ ಪಂಪಾದರೆ ಆಗಲೂ, ಎಂಜಿನ್ ಆರಿಸಿದ ಮೇಲೂ ಕೆಲ ನಿಮಿಷ, ಪೂರ್ಣ ವೇಗದಲ್ಲಿ ತಿರುಗಬಲ್ಲದು ಎಂಬುದು ನಿಜ. ಆದರೆ ಅದಕ್ಕೆ ಪ್ರತ್ಯೇಕ ಫ್ಯೂಸ್, ರಿಲೇ, ತಾಪಕ್ಕೆ ತಕ್ಕಂತೆ ವೇಗ ಬದಲಿಸುವ ಕಂಟ್ರೋಲರ್, ಹೊರೆ ತಾಳುವ ಆಲ್ಟರ್ನೇಟರ್ (ಕಾರಿನ ವಿದ್ಯುತ್ ಉತ್ಪಾದಕ) ಬೇಕು. ಕೈಗೆ ಸಿಕ್ಕ ತಂತಿಗೆ ಜೋಡಿಸಿ ಕಳಿಸಿದರೆ, ಫ್ಯೂಸ್ ಹೋದ ಕ್ಷಣವೇ ಹರಿವು ನಿಂತು, ಎಂಜಿನ್ ಕಾದು, ಅದರ ಮೇಲ್ಭಾಗದ ಸೀಲಾದ ಹೆಡ್ ಗ್ಯಾಸ್ಕೆಟ್ಟಿಗೇ ಸಂಚಕಾರ. ವಾಲ್ವುಗಳ ಚಲನೆ ಹೊಂದಿಸುವ ಟೈಮಿಂಗ್ ಬೆಲ್ಟೇ ಪಂಪನ್ನೂ ತಿರುಗಿಸುವ ಎಂಜಿನ್ನುಗಳಲ್ಲಂತೂ ಆ ಪಂಪನ್ನು ಸುಮ್ಮನೆ ಕಳಚಲು ಬರುವುದಿಲ್ಲ. ಕೂಲೆಂಟ್ ಬದಲು ಬೋರ್‌ವೆಲ್ಲಿನ ಗಡಸು ನೀರು ಸುರಿದು ಸುಣ್ಣ ಕಟ್ಟಿಸಿದ ರೇಡಿಯೇಟರಿಗೆ (ಕೂಲೆಂಟಿನ ಕಾವನ್ನು ಗಾಳಿಗೆ ಬಿಡುವ ಭಾಗ) ಯಾವ ಪಂಪೂ ಮದ್ದಲ್ಲ. ಗ್ಯಾರೇಜಿನವರು ಮೊದಲು ರೇಡಿಯೇಟರ್, ಥರ್ಮೋಸ್ಟಾಟ್ (ತಾಪ ನೋಡಿ ಕೂಲೆಂಟ್ ಹರಿಬಿಡುವ ಕವಾಟ), ಫ್ಯಾನ್ ಪರೀಕ್ಷಿಸಿ, ಬಳಿಕವಷ್ಟೇ ಪಂಪಿನ ಮಾತೆತ್ತಬೇಕೆಂದು ಕೋರುತ್ತೇನೆ.

— ಓರ್ವ ಕಾರು ಮಾಲೀಕ, ಕಲಬುರಗಿ