ಲೋಟ ಗಿಡದ್ದಂತೆ, ಕಸ ಯಾರದ್ದು?

ಮಾನ್ಯ ಸಂಪಾದಕರೇ,

‘ಜೈವಿಕ ಆರ್ಥಿಕತೆ: ಜಾಗೃತಿ ಮೇಳಕ್ಕೆ ಭಾರಿ ಜನಸ್ಪಂದನ’ ಎಂಬ ವರದಿ ಇವತ್ತಿನ ಪತ್ರಿಕೆಯಲ್ಲಿ ಬಂದಿದೆ. ಕಚ್ಚಾತೈಲದ ಬದಲು ಗಿಡ, ಬೆಳೆ, ಸೂಕ್ಷ್ಮಜೀವಿಗಳಿಂದ ವಸ್ತು ತಯಾರಿಸುವುದೇ ಈ ಜೈವಿಕ ಆರ್ಥಿಕತೆಯಂತೆ. ಆ ಸ್ಪಂದನ ನಿಮ್ಮ ವರದಿಗಾರರಿಗೆ ಎಲ್ಲಿ ಕಂಡಿತೋ ಕಾಣೆ. ನಾನೂ ನಿನ್ನೆ ಅಲ್ಲೇ ಇದ್ದೆ. ನನಗೆ ಕಂಡದ್ದು ಮೊಬೈಲಿಗೆ ಒಟಿಪಿ ಬಾರದೆ ಗೇಟಿನ ಹೊರಗೆ ಬಿಸಿಲಲ್ಲಿ ಒಣಗುತ್ತಿದ್ದ ಜನ. ಉಚಿತ ಪ್ರದರ್ಶನ ನೋಡಲು ಒಟಿಪಿ ಯಾಕೆ ಬೇಕೋ ಆ ದೇವರಿಗೇ ಗೊತ್ತು. ಗಣ್ಯರ ಕಾರುಗಳಿಗಾಗಿ ಮುಂದಿನ ರಸ್ತೆ ಬಂದ್ ಆಗಿತ್ತು. ಗಾಡಿಯನ್ನು ಎಲ್ಲೋ ನಿಲ್ಲಿಸಿ, ಮಂಡಿನೋವಿನ ಹೆಂಡತಿಯ ಕೈಹಿಡಿದು ನಡೆಸಿಕೊಂಡು ಬಂದೆ. ಒಳಗೆ ಕೂರಲು ಕುರ್ಚಿಯಿಲ್ಲ. ಮುಂದಿನ ಸಾಲುಗಳೆಲ್ಲ ಇನ್ನೂ ಬಾರದವರಿಗೆ ಮೀಸಲು.

ವೇದಿಕೆಯ ಹಿಂದೆ ಒಂದು ಮನೆಯಷ್ಟು ದೊಡ್ಡ ಫ್ಲೆಕ್ಸ್: ‘ಪ್ಲಾಸ್ಟಿಕ್‌ಗೆ ವಿದಾಯ’. ಆ ಫ್ಲೆಕ್ಸೇ ಅಪ್ಪಟ ಪಿವಿಸಿ ಪ್ಲಾಸ್ಟಿಕ್. ಕೈಗಿಟ್ಟ ಕರಪತ್ರಕ್ಕೂ ಥಳಥಳ ಹೊಳೆಯುವ ಪ್ಲಾಸ್ಟಿಕ್ ಪದರ. ಸಂಘಟಕರಲ್ಲಿ ಒಬ್ಬರಿಗಾದರೂ ಇದು ಕಣ್ಣಿಗೆ ಬೀಳಲಿಲ್ಲವೇ?

ಭಾಷಣಗಳ ಸಂಗತಿ ಹೇಳದಿರುವುದೇ ಲೇಸು. ‘ಹಸಿರು ಭವಿಷ್ಯ’ ಎನ್ನದೆ ಯಾರೂ ಮೈಕ್ ಬಿಡಲಿಲ್ಲ. ಇಡೀ ದಿನದಲ್ಲಿ ಕೇಳುವಂತೆ ಮಾತಾಡಿದ್ದು ಒಬ್ಬ ಯುವ ವಿಜ್ಞಾನಿ ಮಾತ್ರ. ಬ್ಯಾಕ್ಟೀರಿಯಾಗಳು ನಮ್ಮ ಮೈಯ ಕೊಬ್ಬಿನಂತೆ ತಮ್ಮೊಳಗೆ ಒಂದು ಬಗೆಯ ಪ್ಲಾಸ್ಟಿಕ್ ಕೂಡಿಡುತ್ತವೆ, 1926ರಲ್ಲೇ ಫ್ರಾನ್ಸಿನ ಮಾರಿಸ್ ಲೆಮೋಯಿನ್ ಅದನ್ನು ಪತ್ತೆಹಚ್ಚಿದ್ದರು ಎಂದು ಆಕೆ ಸೊಗಸಾಗಿ ವಿವರಿಸುತ್ತಿದ್ದರು. ಬೆಳೆಯ ಉಳಿಕೆಯಿಂದ ಹಲಗೆ, ಅಣಬೆಯ ಬೇರಿನಂಥ ಎಳೆಗಳಿಂದ ಪ್ಯಾಕಿಂಗ್ ದಿಂಡು, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್‌ನಿಂದ ಅಂಟು ಎಂದು ಮಾತು ಇನ್ನೇನು ಕಳೆಗಟ್ಟುವ ಹೊತ್ತಿಗೆ ಮುಖ್ಯ ಅತಿಥಿಗಳು ಬಂದರು. ಮೈಕ್ ಕಿತ್ತುಕೊಂಡರು. ಆಮೇಲೆ ಹಾರ, ಶಾಲು, ಫೋಟೊ. ನಿಮ್ಮ ವರದಿಯಲ್ಲಿ ಮುಖ್ಯ ಅತಿಥಿಗಳ ಚಿತ್ರವಿದೆ, ಆಕೆಯ ಮಾತಿನ ಒಂದು ಸಾಲೂ ಇಲ್ಲ.

ಈಗ ಲೋಟದ ವಿಷಯಕ್ಕೆ ಬರುತ್ತೇನೆ. ‘ಗಿಡದಿಂದ ಬಂದದ್ದು, ಮಣ್ಣಿಗೆ ಹೋಗುವುದು’ ಎಂದು ಬರೆದಿದ್ದ ಪಾರದರ್ಶಕ ಲೋಟದಲ್ಲಿ ಬಿಸಿ ಚಹಾ ಕೊಟ್ಟರು. ಎರಡು ಗುಟುಕು ಕುಡಿಯುವಷ್ಟರಲ್ಲಿ ಅಂಚು ಮೆತ್ತಗಾಗಿ ಒಳಕ್ಕೆ ಬಾಗಿತು, ಚಹಾ ಅಂಗಿಯ ಮೇಲೆ ಬಿತ್ತು. ಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗೆಬ್ಬಿಸಿ ಬರುವ ಲ್ಯಾಕ್ಟಿಕ್ ಆಮ್ಲದಿಂದ ಮಾಡುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಅದು. ಸುಮಾರು 60 ಡಿಗ್ರಿ ಶಾಖಕ್ಕೇ ಮೆತ್ತಗಾಗುತ್ತದೆ. ತಂಪು ಪಾನೀಯಕ್ಕೆ ಸರಿ. ಇಷ್ಟೂ ತಿಳಿಯದವರು ನಮಗೆ ಜಾಗೃತಿ ಮೂಡಿಸಲು ಹೊರಟಿದ್ದಾರೆ!

ಅಂಗಿ ಒರೆಸಿಕೊಂಡು ಮಳಿಗೆಯ ಅಧಿಕಾರಿಯನ್ನು ಕೇಳಿದೆ: ‘ಇದನ್ನು ಮನೆಯ ಕಾಂಪೋಸ್ಟ್ ಡಬ್ಬಿಗೆ ಹಾಕಬಹುದಾ?’

‘ಧಾರಾಳವಾಗಿ ಹಾಕಿ ಸರ್, ನ್ಯಾಚುರಲ್ ಅಲ್ವಾ, ಕರಗಿ ಹೋಗುತ್ತೆ.’

ಎಲ್ಲಿ ಕರಗುತ್ತದೆ ಸ್ವಾಮಿ? ಇಂಥ ಲೋಟಕ್ಕೆ ‘ಕಾಂಪೋಸ್ಟ್ ಆಗುತ್ತದೆ’ ಎಂಬ ಮುದ್ರೆ ಬೀಳುವುದು ಐಎಸ್‌ಒ 17088 ಅಥವಾ ಇಎನ್ 13432ರಂಥ ಮಾನದಂಡದ ಮೇಲೆ. ಅದು ದೊಡ್ಡ ಕಾಂಪೋಸ್ಟ್ ಘಟಕದ ಲೆಕ್ಕ. ಸುಮಾರು 58 ಡಿಗ್ರಿ ಶಾಖ, ತೇವ, ಗಾಳಿ ಎಲ್ಲ ಹದವಾಗಿದ್ದರೆ 6 ತಿಂಗಳೊಳಗೆ ಶೇ 90ರಷ್ಟು ಕೊಳೆಯಬೇಕು ಎಂಬುದು ಆ ಲೆಕ್ಕ. ನನ್ನ ಮನೆಯ ಡಬ್ಬಿಗೆ ಅಷ್ಟು ಶಾಖ ಎಲ್ಲಿಂದ ಬರಬೇಕು? ಹಿಂದಿನ ಮೇಳದಲ್ಲಿ ಕೊಟ್ಟ ಲೋಟ ಇನ್ನೂ ಅದರೊಳಗೇ ಇದೆ. ಗೊಬ್ಬರ ಜರಡಿ ಹಿಡಿದಾಗಲೆಲ್ಲ ಮಣ್ಣು ಮೆತ್ತಿಕೊಂಡು ಮೇಲೆ ಬರುತ್ತದೆ. ಮೇಲಿನ ಹಸಿರು ಎಲೆಯ ಚಿತ್ರ ಕೂಡ ಮಾಸಿಲ್ಲ.

ಹೀಗೆ ಹೇಳಿದ್ದಕ್ಕೆ ಆ ಮಹಾಶಯರು ‘ಪ್ರಶ್ನೆಗಳಿದ್ದರೆ ಇಮೇಲ್ ಮಾಡಿ’ ಎಂದರು. ಬೆನ್ನ ಹಿಂದೆ ಪೌರಕಾರ್ಮಿಕ ಮಹಿಳೆಯೊಬ್ಬರು ಆ ಲೋಟಗಳನ್ನು, ನೀರಿನ ಬಾಟಲಿಗಳನ್ನು, ಉಳಿದ ತಿಂಡಿಯನ್ನು ಒಂದೇ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಂಟು ಹಾಕುತ್ತಿದ್ದರು. ಅವರದೇನು ತಪ್ಪು? ಬೇರೆ ಚೀಲ ಯಾರೂ ಕೊಟ್ಟಿರಲಿಲ್ಲ. ಪಿಎಲ್‌ಎ ಲೋಟ ಬಾಟಲಿಗಳ ಜೊತೆ ಸೇರಿದರೆ ಬಾಟಲಿಯ ಮರುಬಳಕೆಯೂ ಕೆಡುತ್ತದೆ. ಅಂದರೆ ಜಾಗೃತಿ ಮೇಳದಿಂದ ಇದ್ದ ಕಸವೂ ಹಾಳಾಯಿತು. ಶಹಬ್ಬಾಸ್!

ಗಿಡದಿಂದ ಬಂದದ್ದೆಲ್ಲ ಕೊಳೆಯುತ್ತದೆ ಎಂಬ ಈ ಭ್ರಮೆಯನ್ನು ಜನರಿಂದ ಬಿಡಿಸುವುದೇ ಇಂಥ ಮೇಳದ ಮೊದಲ ಕೆಲಸವಾಗಬೇಕಿತ್ತು. ಕಬ್ಬಿನ ಎಥೆನಾಲ್‌ನಿಂದ ಮಾಡಿದ ಪಾಲಿಥಿನ್‌ಗೂ ಕಚ್ಚಾತೈಲದ ಪಾಲಿಥಿನ್‌ಗೂ ರಾಸಾಯನಿಕವಾಗಿ ವ್ಯತ್ಯಾಸವೇ ಇಲ್ಲ, ಚರಂಡಿ ಕಟ್ಟುವುದರಲ್ಲೂ ಇಲ್ಲ. ಪಿಬಿಎಟಿ ಎಂಬ ಪ್ಲಾಸ್ಟಿಕ್ ಹೆಚ್ಚಾಗಿ ಪೆಟ್ರೋಲಿಯಂನಿಂದಲೇ ಬರುತ್ತದೆ, ಆದರೂ ಕಾಂಪೋಸ್ಟ್ ಆಗುತ್ತದೆ. ‘ಕಾಂಪೋಸ್ಟ್ ಚೀಲ’ ಎಂದು ಹಂಚುವ ಎಷ್ಟೋ ಚೀಲಗಳಲ್ಲಿ ಪಿಷ್ಟದ ಜೊತೆ ಬೆರೆತಿರುವುದು ಇದೇ. ಇದನ್ನು ಅಲ್ಲಿ ಯಾರೂ ಬಾಯಿಬಿಡಲಿಲ್ಲ. ಜಗತ್ತು ವರ್ಷಕ್ಕೆ 40 ಕೋಟಿ ಟನ್ನಿಗೂ ಹೆಚ್ಚು ಪ್ಲಾಸ್ಟಿಕ್ ತಯಾರಿಸುತ್ತದೆ, ಜೈವಿಕ ಪ್ಲಾಸ್ಟಿಕ್‌ಗಳ ಪಾಲು ಅದರಲ್ಲಿ ಶೇ 1ರಷ್ಟೂ ಇಲ್ಲ. ಇದನ್ನಂತೂ ವೇದಿಕೆಯಲ್ಲಿ ಹೇಳುವುದೇ ಅಪಶಕುನವೇನೋ! ಹೊಲದಲ್ಲಿ ಊಟಕ್ಕೆ ಬೆಳೆಯಬೇಕೋ ಲೋಟಕ್ಕೆ ಬೆಳೆಯಬೇಕೋ ಎಂದು ರೈತರೊಬ್ಬರು ಎದ್ದು ನಿಂತು ಕೇಳಿದರು. ನಿರೂಪಕಿ ‘ಒಳ್ಳೆಯ ಪ್ರಶ್ನೆ’ ಎಂದು ಮುಂದಿನ ಭಾಷಣಕಾರರನ್ನು ಕರೆದರು.

ಮೇಳ ನಡೆಸಿದ ಇಲಾಖೆಯ ಚಾಳಿಯೇ ಇದು. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ಮನೆಮನೆಗೆ ಬಣ್ಣದ ಬುಟ್ಟಿ ಕೊಟ್ಟರು. ಅಂದಿನಿಂದ ಇಂದಿನವರೆಗೆ ಎರಡೂ ಬುಟ್ಟಿಯನ್ನು ಒಂದೇ ಲಾರಿಗೆ ಸುರಿಯುತ್ತಿದ್ದಾರೆ. ಕಾಂಪೋಸ್ಟ್ ಘಟಕಕ್ಕೆ ಶಂಕುಸ್ಥಾಪನೆಯ ಕಲ್ಲು ನೆಟ್ಟರು. ಕಲ್ಲಿನ ಸುತ್ತ ಈಗ ಮುಳ್ಳುಕಂಟಿ ಬೆಳೆದಿದೆ, ಅದೊಂದೇ ಅಲ್ಲಿ ಆಗಿರುವ ಜೈವಿಕ ಅಭಿವೃದ್ಧಿ. ವನಮಹೋತ್ಸವದ ಸಸಿಗಳನ್ನು ಪ್ರತಿ ವರ್ಷ ಅದೇ ಗುಂಡಿಗಳಲ್ಲಿ ನೆಡುತ್ತಾರೆ, ಹೊಸ ಗುಂಡಿ ತೋಡುವ ಖರ್ಚು ಉಳಿಯಿತಲ್ಲ. ನಮ್ಮ ಬೀದಿದೀಪದ ದೂರನ್ನು ‘ಪರಿಹರಿಸಲಾಗಿದೆ’ ಎಂದು ಆ್ಯಪ್‌ನಲ್ಲಿ ಮುಚ್ಚಿಹಾಕಿದವರೂ ಇವರೇ. ನಿನ್ನೆ ರಾತ್ರಿ ಮೇಳದಿಂದ ಮರಳುವಾಗ ಅದೇ ಕತ್ತಲಲ್ಲಿ ನನ್ನ ಹೆಂಡತಿ ಎಡವಿದಳು.

ಆದ್ದರಿಂದ ಇಂಥ ಮೇಳಗಳನ್ನು ಕೂಡಲೇ ನಿಲ್ಲಿಸಬೇಕು. ನಿಲ್ಲಿಸಲಾಗದಿದ್ದರೆ ಆ ವಿಜ್ಞಾನಿಯಂಥವರಿಗೆ ಮೈಕ್ ಕೊಟ್ಟು ತಿಂಗಳಿಗೊಮ್ಮೆಯಾದರೂ ಬಡಾವಣೆಗಳಲ್ಲೇ ನಡೆಸಬೇಕು. ಕಾಂಪೋಸ್ಟ್ ಘಟಕದ ವಿಚಾರ ಏನಾಯಿತು, ಖರ್ಚಾದ ಹಣ ಯಾರದ್ದು ಎಂಬುದನ್ನು ಸಂಬಂಧಪಟ್ಟವರು ಹೇಳಬೇಕು. ಬೀದಿದೀಪವನ್ನೂ ಸರಿಪಡಿಸಬೇಕು. ಸಂಬಂಧಪಟ್ಟವರು ಯಾರು ಎಂದು ಕೇಳಿದರೆ ಅವರು ಇವರತ್ತ, ಇವರು ಅವರತ್ತ ಬೆರಳು ತೋರಿಸುತ್ತಾರೆ. ಫೋಟೊಗೆ ಮಾತ್ರ ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಮಾನ ಮರ್ಯಾದೆ ಎಂಬುದು ಒಂದಿಷ್ಟಾದರೂ ಬೇಡವೇ ಇವರಿಗೆ?

– ನೊಂದ ತೆರಿಗೆದಾರ